ಟೀಚರ್, ಒಂದಕ್ಕೆ: ಸಣ್ಣ ಮಕ್ಕಳಿಗೆ ಶುಗರ್ ಬಂದಾಗ

ಮಕ್ಕಳ ದಿನಾಚರಣೆಯ ದಿವಸ ಉಡುಪಿ ಹತ್ತಿರದ ನಮ್ಮ ಶಾಲೆಯಲ್ಲಿ ಪೋಷಕರಿಗೆ ಮತ್ತೆ ಸುತ್ತಮುತ್ತಲಿನ ಅಂಗನವಾಡಿ ಟೀಚರ್‌ಗಳಿಗೆ ಅಂತ ಮಾತಾಡಿದ್ದು ಇದು. ಅವತ್ತು ಬರ್ಲಿಕ್ಕೆ ಆಗದವ್ರು ಕೇಳಿದ್ರು, ಅದಕ್ಕೆ ಬರೆದಿದ್ದೇನೆ. ಮಾತಾಡಿದ ಹಾಗೇ ಇರ್ಲಿ ಅಂತ ಜಾಸ್ತಿ ತಿದ್ದಲಿಲ್ಲ.

ಎಲ್ರಿಗೂ ನಮಸ್ಕಾರ. ನಾನು ಡಾಕ್ಟರ್ ಅಲ್ಲ, ಸಣ್ಣ ಕ್ಲಾಸಿನ ಟೀಚರ್. ಸಣ್ಣ ಕ್ಲಾಸ್ ಅಂದ್ರೆ ನಿಮಗೆ ಗೊತ್ತುಂಟಲ್ಲ, ಮೂವತ್ತು ಮಕ್ಕಳಲ್ಲಿ ಒಬ್ಬ ಎದ್ದು ಒಂದಕ್ಕೆ ಅಂದ್ರೆ ಹಿಂದೆಯೇ ಹತ್ತು ಜನ ಎದ್ದು ನಿಲ್ತಾರೆ. ಅದಕ್ಕೆ ನಾವು ಟೀಚರ್‌ಗಳು ಸ್ವಲ್ಪ ಗಟ್ಟಿ ಆಗಿಬಿಡ್ತೇವೆ. ಈಗಷ್ಟೇ ಹೋಗಿ ಬಂದೆಯಲ್ಲ, ಕೂತ್ಕೋ ಅಂತೇವೆ. ಏಳು ವರ್ಷದ ಒಬ್ಬ ಹುಡುಗನಿಗೆ ನಾನು ಹಾಗೇ ಹೇಳಿದೆ. ಒಂದು ಸಲ ಅಲ್ಲ, ಒಂದು ವಾರ ಇಡೀ ಹೇಳಿದೆ. ಶುಕ್ರವಾರ ಅವ ಕೂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡ, ಮಕ್ಕಳೆಲ್ಲ ನಕ್ಕರು, ಅವ ತಲೆ ಎತ್ತಲೇ ಇಲ್ಲ. ಸೋಮವಾರ ಶಾಲೆಗೆ ಬರಲಿಲ್ಲ. ಮಂಗಳವಾರ ಗೊತ್ತಾಯ್ತು, ಅವ ಐಸಿಯುನಲ್ಲಿ ಇದ್ದಾನೆ ಅಂತ. ಅವನಿಗೆ ಶುಗರ್ ಅಂತ.

ನಾನು ಫೋನ್ ಹಿಡ್ಕೊಂಡೇ ಕೇಳಿದೆ, ಇಷ್ಟು ಸಣ್ಣ ಮಕ್ಕಳಿಗೆ ಶುಗರ್ ಬರ್ತದಾ? ನನ್ನ ಅಪ್ಪನಿಗೆ ಉಂಟು, ಅತ್ತೆಗೆ ಉಂಟು, ಅದು ಐವತ್ತು ದಾಟಿದ ಮೇಲಿನ ಕಾಯಿಲೆ ಅಂತಲೇ ನನ್ನ ತಲೆಯಲ್ಲಿ ಇದ್ದದ್ದು. ಬರ್ತದೆ. ಎರಡು ವರ್ಷದ ಮಗುವಿಗೂ ಬರ್ತದೆ, ಆರು ತಿಂಗಳ ಒಳಗಿನ ಶಿಶುವಿಗೂ ಅಪರೂಪಕ್ಕೆ ಬರ್ತದೆ. ಇಂಟರ್‌ನ್ಯಾಷನಲ್ ಡಯಾಬಿಟಿಸ್ ಫೆಡರೇಶನ್ 2021ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಟೈಪ್ 1 ಡಯಾಬಿಟಿಸ್ ಇರುವ ಮಕ್ಕಳು, ಹದಿಹರೆಯದವರು ನಮ್ಮ ದೇಶದಲ್ಲೇ 2 ಲಕ್ಷಕ್ಕಿಂತ ಜಾಸ್ತಿ ಇದ್ದಾರೆ.

ಇದು ಅಜ್ಜ ಅಜ್ಜಿಯಂದಿರಿಗೆ ಬರುವ ಶುಗರ್ ಅಲ್ಲ, ಹೆಸರು ಮಾತ್ರ ಒಂದೇ. ನಮ್ಮ ಹೊಟ್ಟೆಯೊಳಗೆ ಮೇದೋಜೀರಕ ಗ್ರಂಥಿ ಅಂತ ಒಂದು ಉಂಟು, ಇನ್ಸುಲಿನ್ ತಯಾರು ಮಾಡುದು ಅದು. ರೋಗಾಣುಗಳ ಜೊತೆ ಹೋರಾಡಬೇಕಾದ ದೇಹದ ಶಕ್ತಿ ಎಲ್ಲೋ ದಾರಿ ತಪ್ಪಿ ಆ ಇನ್ಸುಲಿನ್ ಮಾಡುವ ಜೀವಕಣಗಳನ್ನೇ ಹಾಳು ಮಾಡ್ಲಿಕ್ಕೆ ಶುರು ಮಾಡ್ತದೆ, ತಿಂಗಳುಗಟ್ಟಲೆ ಕೆಲವೊಮ್ಮೆ ವರ್ಷಗಟ್ಟಲೆ ಒಳಗೊಳಗೇ ನಡೀತದೆ, ಹೊರಗೆ ಎಂತದೂ ಕಾಣುದಿಲ್ಲ. ಕಾಣ್ಲಿಕ್ಕೆ ಶುರು ಆಗುವಾಗ ಹೆಚ್ಚಿನ ಕಣಗಳು ಹೋಗಿ ಆಗಿರ್ತದೆ. ಅಲ್ಲಿಂದ ಮುಂದೆ ಭಾರಿ ಸ್ಪೀಡು. ದೊಡ್ಡವರ ಶುಗರ್ ವರ್ಷಗಟ್ಟಲೆ ಗೊತ್ತಾಗದೆ ಇರಬಹುದು, ಮಕ್ಕಳದ್ದು ಕೆಲವೇ ವಾರ, ತೀರ ಸಣ್ಣವರಲ್ಲಿ ಕೆಲವೇ ದಿನ. ಅದಕ್ಕೇ ನಾನು ಇವತ್ತು ಮಾತಾಡುದು.

ಆ ಹುಡುಗನ ಆ ಮಾರ್ಚ್ ತಿಂಗಳನ್ನು ನಾನು ತುಂಬಾ ಸಲ ಮನಸ್ಸಲ್ಲಿ ಹಿಂದೆ ತಿರುಗಿಸಿ ನೋಡಿದ್ದೇನೆ. ಎಲ್ಲಾ ಕಣ್ಣೆದುರೇ ಇತ್ತು. ನೀರಿನ ಬಾಟಲಿ ಹತ್ತೂವರೆಗೇ ಖಾಲಿ, ಮತ್ತೆ ನಳ್ಳಿಗೆ ಬಾಯಿ ಹಾಕಿ ಕುಡಿಯುದು, ಪಕ್ಕದವಳ ಬಾಟಲಿ ಎಳ್ಕೊಂಡು ಕುಡಿಯುದು. ಮಾರ್ಚ್ ತಿಂಗಳಲ್ಲಿ ನಮ್ಮೂರಿನ ಸೆಕೆ ಹೇಗಿರ್ತದೆ ನಿಮಗೇ ಗೊತ್ತು, ನಾನು ಅಂದ್ಕೊಂಡೆ ಸೆಕೆಗೆ ಅಂತ. ಬಿಸಿಯೂಟಕ್ಕೆ ಎರಡೆರಡು ಸಲ ಅನ್ನ ಸಾಂಬಾರು ಹಾಕಿಸ್ಕೊಳ್ತಿದ್ದ, ಆದ್ರೂ ಸಪೂರ. ಅಡುಗೆ ಅಕ್ಕ ಹೇಳಿದ್ರು ಜಂತುಹುಳ ಇರ್ಬೇಕು ಟೀಚರ್ ಅಂತ, ನಾನೂ ಹೌದು ಅಂದೆ, ಅವನಮ್ಮ ಹುಳದ ಮದ್ದು ಕೊಟ್ಟೂ ಆಗಿತ್ತು. ಯೂನಿಫಾರ್ಮ್ ಚಡ್ಡಿ ಜಾರ್ತದೆ ಅಂತ ಸೊಂಟಕ್ಕೆ ಪಿನ್ನು ಹಾಕಿದ್ರು. ಜೂನ್‌ನಲ್ಲಿ ತೂಕ ತೆಗೆದಾಗ 21 ಕೆಜಿ ಇದ್ದವ ಆಸ್ಪತ್ರೆಯಲ್ಲಿ 18 ಕೆಜಿ. ಒಂಬತ್ತು ತಿಂಗಳಲ್ಲಿ ಮಗುವಿನ ತೂಕ ಹೆಚ್ಚಾಗ್ಬೇಕು, ಇಳೀಲಿಕ್ಕೆ ಇಲ್ಲ. ಆಟಕ್ಕೆ ಬಿಟ್ರೆ ಮೈದಾನದ ಬದಿಯಲ್ಲಿ ಮಾವಿನ ಮರದ ಕೆಳಗೆ ಕೂತಿರ್ತಿದ್ದ, ಮಧ್ಯಾಹ್ನದ ಮೇಲೆ ತಲೆ ಡೆಸ್ಕಿಗೆ. ಬೋರ್ಡ್ ಮಂಜು ಮಂಜು ಕಾಣ್ತದೆ ಅಂತ ಒಂದು ದಿನ ಹೇಳಿದ, ಮುಂದಿನ ಸಾಲಿಗೆ ಕೂರಿಸಿದೆ, ಅಷ್ಟೇ ಮಾಡಿದ್ದು ನಾನು. ಮನೆಯಲ್ಲಿ ನಾಲ್ಕು ವರ್ಷಕ್ಕೇ ಹಾಸಿಗೆ ಒದ್ದೆ ಮಾಡುದು ಬಿಟ್ಟಿದ್ದವ ಪುನಃ ಶುರು ಮಾಡಿದ್ದ, ಅಮ್ಮನಿಗೆ ಹೇಳ್ಲಿಕ್ಕೆ ನಾಚಿಕೆ, ಅವರು ಯಾರ ಹತ್ರವೂ ಹೇಳಲಿಲ್ಲ. ಬಚ್ಚಲಿನ ಮೂಲೆಯಲ್ಲಿ ಇರುವೆ ಸಾಲು ಬರ್ತಿತ್ತಂತೆ, ಅಜ್ಜಿ ಅರಿಶಿನ ಹಾಕಿ ಹಾಕಿ ಸುಸ್ತು.

ಇರುವೆಯ ವಿಷಯ ನಮ್ಮ ಹಳೆಯ ವೈದ್ಯರಿಗೆ ಸಾವಿರಾರು ವರ್ಷದ ಹಿಂದೆಯೇ ಗೊತ್ತಿತ್ತು. ಮಧುಮೇಹ ಅನ್ನುವ ಹೆಸರೇ ಜೇನಿನಂಥ ಮೂತ್ರ ಅಂತ. ರಕ್ತದಲ್ಲಿ ಸಕ್ಕರೆ ಇದ್ರೂ ಇನ್ಸುಲಿನ್ ಇಲ್ಲದೆ ಅದು ಕಣದ ಒಳಗೆ ಹೋಗುದಿಲ್ಲ, ಮಗು ತಿಂತದೆ ಆದ್ರೆ ದೇಹಕ್ಕೆ ಉಪವಾಸ. ರಕ್ತದಲ್ಲಿ ಸಕ್ಕರೆ ಏರಿ ಏರಿ, ಮೆಷಿನ್ ತೋರಿಸುವ ಲೆಕ್ಕದಲ್ಲಿ ಸುಮಾರು 180 ದಾಟಿದ್ರೆ ಕಿಡ್ನಿಗೆ ಹಿಡಿದಿಟ್ಟುಕೊಳ್ಳಲಿಕ್ಕೆ ಆಗುದಿಲ್ಲ, ಮೂತ್ರಕ್ಕೆ ಬಿಡ್ತದೆ. ಸಕ್ಕರೆ ಸುಮ್ಮನೆ ಹೋಗುದಿಲ್ಲ, ತನ್ನ ಜೊತೆ ನೀರು ಎಳ್ಕೊಂಡು ಹೋಗ್ತದೆ. ಅದಕ್ಕೆ ಮತ್ತೆ ಮತ್ತೆ ಒಂದಕ್ಕೆ, ಅದಕ್ಕೆ ಬಾಯಾರಿಕೆ. ನಾವು ಬಾಯಾರಿಕೆಯಿಂದ ನೀರು ಕುಡೀತಾನೆ, ನೀರು ಕುಡಿದು ಒಂದಕ್ಕೆ ಹೋಗ್ತಾನೆ ಅಂದ್ಕೊಳ್ತೇವೆ. ಇಲ್ಲಿ ನಡೆಯುದು ಉಲ್ಟಾ.

ಈಗ ನಾನು ಹೇಳುವ ಒಂದು ಮಾತು ಎಲ್ರೂ ದಯವಿಟ್ಟು ಮನೆಗೆ ತಗೊಂಡು ಹೋಗಿ, ಬೇರೆ ಎಲ್ಲ ಮರೆತ್ರೂ ಪರ್ವಾಗಿಲ್ಲ. ನಮ್ಮ ಕರಾವಳಿಯಲ್ಲಿ ಈ ಕಾಯಿಲೆ ಹವಾಮಾನದ ಹಿಂದೆ ಅಡಗಿ ಕೂತ್ಕೊಳ್ತದೆ. ಸೆಕೆಗಾಲದಲ್ಲಿ ನೀರು ಜಾಸ್ತಿ ಕುಡಿದ್ರೆ ಸೆಕೆಗೆ ಅಂತೇವೆ, ಆಟಿ ತಿಂಗಳ ಮಳೆಯಲ್ಲಿ ಮತ್ತೆ ಮತ್ತೆ ಒಂದಕ್ಕೆ ಹೋದ್ರೆ ಚಳಿಗೆ ಅಂತೇವೆ, ವರ್ಷ ಇಡೀ ನಮ್ಮ ಹತ್ರ ಒಂದು ಕಾರಣ ರೆಡಿ ಉಂಟು. ಆದ್ರೆ ಲೆಕ್ಕ ಹಾಕಿ ನೋಡಿ. ಸೆಕೆಗೆ ಬೆವರಿ ಬಾಯಾರಿಕೆ ಆದ ಮಗುವಿಗೆ ನೀರು ಬೆವರಲ್ಲಿ ಹೋಗಿರ್ತದೆ, ಮೂತ್ರ ಕಮ್ಮಿ ಆಗ್ಬೇಕು, ಹಳದಿ ಆಗ್ಬೇಕು. ಬಾಯಾರಿಕೆಯೂ ಜಾಸ್ತಿ, ಮೂತ್ರವೂ ಜಾಸ್ತಿ, ನೀರಿನ ಹಾಗೆ ಬಿಳಿ ಬಿಳಿ ಹೋಗ್ತದೆ ಅಂದ್ರೆ, ರಾತ್ರಿ ಫ್ಯಾನಿನ ಕೆಳಗೆ ಮಲಗಿದ ಮಗು ಎದ್ದು ಎದ್ದು ನೀರು ಕುಡೀತದೆ, ಎದ್ದು ಎದ್ದು ಒಂದಕ್ಕೆ ಹೋಗ್ತದೆ ಅಂದ್ರೆ, ಅದನ್ನು ಸೆಕೆಯ ತಲೆಗೆ ಕಟ್ಟಬೇಡಿ. ಶುಗರ್ ನೋಡಿ. ಅದೇ ದಿನ.

ವಾಂತಿಯಲ್ಲೂ ಹೀಗೇ. ನಮ್ಮ ಹುಡುಗ ಶನಿವಾರ ಸಂಬಂಧಿಕರ ಮನೆಗೆ ಭೂತಕೋಲಕ್ಕೆ ಹೋಗಿದ್ದ, ಭಾನುವಾರ ವಾಂತಿ ಶುರು, ಹೊಟ್ಟೆನೋವು. ಊಟ ಆಗಲಿಲ್ಲ ಅವನಿಗೆ ಅಂತ ಎಲ್ಲ ಹೇಳಿದ್ರು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ವಾಂತಿಗೆ ಇಂಜೆಕ್ಷನ್ ಕೊಟ್ಟು ಕಳಿಸಿದ್ರು. ನಿಶ್ಶಕ್ತಿ ಅಂತ ಮನೆಯಲ್ಲಿ ಗ್ಲುಕೋಸ್ ಪುಡಿ ನೀರಿಗೆ ಹಾಕಿ ಕುಡಿಸಿದ್ರು, ಬೊಂಡದ ನೀರು ಕುಡಿಸಿದ್ರು, ಪಾಪ ಪ್ರೀತಿಯಿಂದಲೇ ಮಾಡಿದ್ದು, ಆದ್ರೆ ಮೊದಲೇ ಸಕ್ಕರೆಯಲ್ಲಿ ಮುಳುಗಿದ ಮಗುವಿಗೆ ಅದು ಇನ್ನಷ್ಟು ಸಕ್ಕರೆ. ನಾವು ಗಮನಿಸಬೇಕಾದ್ದು ಎಂತ ಅಂದ್ರೆ, ವಾಂತಿ ಆಗಿ ನೀರು ಹೋದ ಮಗುವಿಗೆ ಮೂತ್ರ ಕಮ್ಮಿ ಆಗ್ಬೇಕಲ್ಲ. ಇವನಿಗೆ ಭೇದಿ ಇಲ್ಲ, ಬಾಯಿ ಒಣಗಿ ತುಟಿ ಒಡೆದಿದೆ, ಕಣ್ಣು ಒಳಗೆ ಹೋಗಿದೆ, ಆದ್ರೂ ಒಂದಕ್ಕೆ ಧಾರಾಳ ಹೋಗ್ತಿದ್ದ. ರಾತ್ರಿ ಉಸಿರು ಜೋರು ಜೋರಾಗಿ ಆಳಕ್ಕೆ ಎಳೀಲಿಕ್ಕೆ ಶುರು ಮಾಡಿದ, ದಮ್ಮು ಅಂದ್ಕೊಂಡ್ರು. ಜ್ವರ ಇಲ್ಲ, ಕೆಮ್ಮಿಲ್ಲ, ದಮ್ಮು ಎಲ್ಲಿಂದ ಬಂತು? ಕರೆದ್ರೆ ಉತ್ತರ ಕೊಡುದೂ ಕಮ್ಮಿ ಆಯ್ತು. ಮಾವನ ರಿಕ್ಷಾದಲ್ಲಿ ಮಣಿಪಾಲಕ್ಕೆ ಓಡಿದ್ರು. ಅಲ್ಲಿ ಕ್ಯಾಶುವಾಲಿಟಿಯಲ್ಲಿ ಒಬ್ಬ ನರ್ಸ್ ಮಗುವಿನ ಮುಖದ ಹತ್ರ ಬಗ್ಗಿ ಮೂಸಿ ನೋಡಿದ್ರಂತೆ, ತುಂಬಾ ಹಣ್ಣಾಗಿ ಕೊಳೀಲಿಕ್ಕೆ ಬಂದ ಹಣ್ಣಿನ ಹಾಗೆ ಒಂದು ವಾಸನೆ, ಕೂಡ್ಲೇ ಬೆರಳಿಗೆ ಚುಚ್ಚಿ ನೋಡಿದ್ರು. ಮೆಷಿನ್ ಸಂಖ್ಯೆಯೇ ತೋರಿಸಲಿಲ್ಲ, 'ಹೈ' ಅಂತ ಬಂತು. ತನ್ನ ಅಳತೆಗೆ ಮೀರಿದ್ರೆ ಹಾಗೆ ಬರುದು, ತುಂಬಾ ಮೆಷಿನ್‌ಗಳಲ್ಲಿ ಅದು 600ರ ಮೇಲೆ.

ಈ ಸ್ಥಿತಿಗೆ ಡಾಕ್ಟ್ರು ಡಯಾಬಿಟಿಕ್ ಕೀಟೋಆಸಿಡೋಸಿಸ್ ಅಂತಾರೆ, ಡಿಕೆಎ ಅಂತ ಚಿಕ್ಕದಾಗಿ. ಸಕ್ಕರೆ ಉಪಯೋಗಕ್ಕೆ ಸಿಗುದಿಲ್ಲ ಅಂತ ದೇಹ ಕೊಬ್ಬನ್ನು ಕರಗಿಸ್ತದೆ, ಅದರಿಂದ ಕೀಟೋನ್ ಅನ್ನುವ ಆಮ್ಲ ರಕ್ತದಲ್ಲಿ ತುಂಬ್ತದೆ, ವಾಸನೆ ಅದರದ್ದು, ಹೊಟ್ಟೆನೋವು ವಾಂತಿ ಅದರಿಂದ, ಆಮ್ಲ ಹೊರಗೆ ಹಾಕ್ಲಿಕ್ಕೆ ಅಂತಲೇ ಆ ಜೋರು ಉಸಿರು. ಇದು ಜೀವಕ್ಕೆ ಅಪಾಯ. ಮಕ್ಕಳಲ್ಲಿ ಮಿದುಳು ಬಾತುಕೊಳ್ಳುವ ಸಂಭವ ಇರ್ತದೆ, ಹಾಗಾಗಿ ಡ್ರಿಪ್ ಕೂಡ ಅಳೆದು ಅಳೆದು ನಿಧಾನಕ್ಕೆ ಕೊಡ್ಬೇಕು, ಮಕ್ಕಳ ಐಸಿಯು ಇರುವಲ್ಲಿಗೇ ಹೋಗ್ಬೇಕು. ಉಡುಪಿ ಕಡೆಯವರಿಗೆ ಮಣಿಪಾಲ ಉಂಟು, ಮಂಗಳೂರಿನವರಿಗೆ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲೇ ಮಕ್ಕಳ ಪ್ರತ್ಯೇಕ ವಿಭಾಗ ಉಂಟು, ದೂರ ಇದ್ರೆ 108ಕ್ಕೆ ಫೋನ್ ಮಾಡಿ. ಮತ್ತೆ ಇನ್ನೊಂದು, ವಾಂತಿ ಅಂತ ಸಣ್ಣ ಕ್ಲಿನಿಕ್ಕಿಗೆ ಹೋದಾಗ ಅವರು ಬಾಟಲಿ ಹಾಕ್ತೇವೆ ಅಂದ್ರೆ, ಡಾಕ್ಟ್ರೇ, ಒಮ್ಮೆ ಬೆರಳಿಗೆ ಚುಚ್ಚಿ ಶುಗರ್ ನೋಡ್ತೀರಾ ಅಂತ ಕೇಳಿ. ಕೇಳ್ಲಿಕ್ಕೆ ಹೆದರಬೇಡಿ. ಒಂದು ನಿಮಿಷದ ಕೆಲಸ ಅದು.

ಮಾತಾಡ್ಲಿಕ್ಕೆ ಬಾರದ ಮಕ್ಕಳ ವಿಷಯ ಅಂಗನವಾಡಿಯವರು, ಸಣ್ಣ ಮಗು ಇರುವ ಅಮ್ಮಂದಿರು ಕೇಳಿ. ಬಾಯಾರಿಕೆ ಅಂತ ಅದು ಹೇಳುದಿಲ್ಲ, ಅಳ್ತದೆ, ಹಾಲು ಕುಡಿದ ಮೇಲೂ ಅಳ್ತದೆ, ನೀರು ಕೊಟ್ರೆ ಬಾಟಲಿ ಬಿಡುದಿಲ್ಲ. ಡಯಾಪರ್ ಬದಲಾಯಿಸಿ ಅರ್ಧ ಗಂಟೆಗೇ ಭಾರ. ಬಟ್ಟೆ ಒಣಗಿದ ಮೇಲೆ ಅಂಟು ಅಂಟು, ಗಂಜಿ ಹಾಕಿದ ಹಾಗೆ ಗಟ್ಟಿ. ಕೆಳಗೆ ಕೆಂಪು ಗುಳ್ಳೆ, ಯಾವ ಕ್ರೀಮಿಗೂ ಹೋಗುದಿಲ್ಲ, ಅದು ಸಕ್ಕರೆಯಿಂದ ಬೆಳೆಯುವ ಫಂಗಸ್. ಹೆಣ್ಣು ಮಕ್ಕಳು ಅಲ್ಲಿ ತುರಿಸ್ತದೆ ಅಂತ ಅಳ್ತಾರೆ. ತೂಕ ಏರುದಿಲ್ಲ. ಈ ಮಕ್ಕಳಲ್ಲೇ ಗೊತ್ತಾಗುದು ತಡ ಆಗುದು, ಡಿಕೆಎ ಬೇಗ ಆಗುದೂ ಇವರಿಗೇ. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರದ ಆರ್‌ಬಿಎಸ್‌ಕೆ ಟೀಮ್ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರ್ತದೆ, ಒಳ್ಳೇ ಕೆಲಸ ಮಾಡ್ತಾರೆ, ಆದ್ರೆ ಅವರು ಜುಲೈಯಲ್ಲಿ ನೋಡಿ ಹೋದ ಮಗುವಿಗೆ ಸೆಪ್ಟೆಂಬರಿನಲ್ಲಿ ಈ ಕಾಯಿಲೆ ಕಾಣಿಸಿಕೊಂಡ್ರೆ ಅವರು ಎಂತ ಮಾಡ್ಲಿಕ್ಕೆ ಆಗ್ತದೆ? ದಿನಾ ನೋಡುವವರು ನಾವು.

ಟೆಸ್ಟ್ ಬಗ್ಗೆ. ಖಾಲಿ ಹೊಟ್ಟೆಯಲ್ಲಿ ನಾಳೆ ಬೆಳಿಗ್ಗೆ ಮಾಡಿಸುವ ಅಂತ ಕಾಯ್ಬೇಡಿ, ದೊಡ್ಡವರ ಅಭ್ಯಾಸ ಅದು. ಈ ಲಕ್ಷಣ ಇರುವ ಮಗುವಿಗೆ ಯಾವ ಹೊತ್ತಿನಲ್ಲಾದ್ರೂ ಊಟ ಆಗಿದ್ರೂ ನೋಡ್ಬಹುದು. ಲಕ್ಷಣಗಳೂ ಉಂಟು, ಶುಗರ್ 200 ಅಥವಾ ಮೇಲೆ ಉಂಟು ಅಂದ್ರೆ ಅವತ್ತೇ, ಆ ಗಂಟೆಯಲ್ಲೇ ಆಸ್ಪತ್ರೆಗೆ, ರಾತ್ರಿ ಹತ್ತು ಗಂಟೆ ಆದ್ರೂ ಸರಿ, ಮಗು ಆಟ ಆಡ್ತಾ ಇದ್ರೂ ಸರಿ. 140 ದಾಟಿದ್ರೂ ಸುಮ್ಮನೆ ಬಿಡ್ಬೇಡಿ, ಮಕ್ಕಳ ಡಾಕ್ಟ್ರಿಗೆ ತೋರಿಸಿ. ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜನದ್ದೋ ಅಜ್ಜಿಯದ್ದೋ ಗ್ಲುಕೋಮೀಟರ್ ಕಪಾಟಿನಲ್ಲಿ ಇರ್ತದೆ. ಆ ಹುಡುಗನ ಮನೆಯಲ್ಲೂ ಇತ್ತು, ಅವ ಮಲಗುವ ಕೋಣೆಯಲ್ಲೇ, ಟಿವಿ ಕೆಳಗಿನ ಡ್ರಾಯರಿನಲ್ಲಿ. ಅವನಮ್ಮ ಇವತ್ತಿಗೂ ಅದನ್ನು ಹೇಳುವಾಗ ಅಳ್ತಾರೆ. ಹೊಸ ಸೂಜಿ ಹಾಕಿ, ಸ್ಟ್ರಿಪ್ಪಿನ ಡೇಟ್ ನೋಡಿ, ಮಗುವಿನ ಕೈ ಸೋಪಿನಲ್ಲಿ ತೊಳೆದು ಒರೆಸಿ, ಯಾಕಂದ್ರೆ ಮಾವಿನಹಣ್ಣು ತಿಂದ ಬೆರಳಿಗೆ ಚುಚ್ಚಿದ್ರೆ ಮೆಷಿನ್ ಆ ಹಣ್ಣಿನ ಸಕ್ಕರೆಯನ್ನೂ ಲೆಕ್ಕ ಹಾಕ್ತದೆ. ಮನೆಯಲ್ಲಿ ಮೆಷಿನ್ ಇಲ್ಲದಿದ್ರೆ ಪ್ರಾಥಮಿಕ ಆರೋಗ್ಯ ಕೇಂದ್ರ ಉಂಟು, ಲ್ಯಾಬ್ ಉಂಟು. ಟೆಸ್ಟ್ ಸರಿ ಬಂದ್ರೂ ಲಕ್ಷಣ ಹೋಗದಿದ್ರೆ ಸುಮ್ಮನಾಗ್ಬೇಡಿ, ಡಾಕ್ಟ್ರಿಗೆ ತೋರಿಸಿ.

ಸಿಹಿ ತಿಂದು ಬಂದದ್ದಾ ಅಂತ ಎಲ್ರೂ ಕೇಳ್ತೀರಿ. ಅಲ್ಲ. ಚಾಕಲೇಟಿನಿಂದ ಅಲ್ಲ, ಹೋಳಿಗೆಯಿಂದ ಅಲ್ಲ, ಅಮ್ಮ ಬಸುರಿಯಲ್ಲಿ ಎಂತದೋ ತಿಂದದ್ದರಿಂದ ಅಲ್ಲ, ಯಾರ ದೃಷ್ಟಿಯೂ ಅಲ್ಲ, ಒಬ್ಬರಿಂದ ಒಬ್ಬರಿಗೆ ಹರಡುದೂ ಇಲ್ಲ. ಬಂದ ಹೆಚ್ಚಿನ ಮಕ್ಕಳ ಮನೆಯಲ್ಲಿ ಬೇರೆ ಯಾರಿಗೂ ಈ ಟೈಪ್ 1 ಇರುದಿಲ್ಲ. ಆ ಅಮ್ಮ ಆಸ್ಪತ್ರೆಯಿಂದ ಬಂದ ಮೇಲೆ ನೆರೆಕರೆಯವರು ಬಂದು ಅಷ್ಟು ಸಿಹಿ ಕೊಟ್ಟಿದ್ದಕ್ಕೆ ಹೀಗಾಯ್ತು ಅಂತ ಹೇಳಿ ಹೋದ್ರು, ನಾನು ಅಲ್ಲೇ ಕೂತಿದ್ದೆ, ನನಗೆ ತುಂಬಾ ಸಿಟ್ಟು ಬಂತು. ಮಗು ನೋಡ್ಲಿಕ್ಕೆ ಹೋದವ್ರು ಅಂಥ ಮಾತು ಆಡ್ಬಾರ್ದು. ಹಾ, ದೊಡ್ಡ ಮಕ್ಕಳಿಗೆ, ಹತ್ತು ಹನ್ನೆರಡರ ಮೇಲೆ, ತೂಕ ಜಾಸ್ತಿ ಇದ್ದು ಕುತ್ತಿಗೆ ಹಿಂದೆ ಕಪ್ಪಾಗಿ ವೆಲ್ವೆಟ್ ಹಾಗೆ ದಪ್ಪ ಆಗಿದ್ರೆ ಅದು ಬೇರೆ ಥರದ್ದು, ಟೈಪ್ 2ರ ಕಡೆಗೆ ಹೋಗುವ ಸೂಚನೆ, ಮಣ್ಣು ಅಂತ ಉಜ್ಜುದು ಬೇಡ, ಡಾಕ್ಟ್ರಿಗೆ ತೋರಿಸಿ.

ಟೈಪ್ 1ಕ್ಕೆ ಮದ್ದು ಇನ್ಸುಲಿನ್ ಒಂದೇ. ಮಾತ್ರೆ ಆಗುದಿಲ್ವಾ ಅಂದ್ರೆ, ಇನ್ಸುಲಿನ್ ಒಂದು ಪ್ರೋಟೀನ್, ನುಂಗಿದ್ರೆ ಹೊಟ್ಟೆಯಲ್ಲೇ ಜೀರ್ಣ ಆಗಿ ಹೋಗ್ತದೆ. ಆರು ತಿಂಗಳ ಒಳಗೆ ಬಂದ ಶಿಶುಗಳಲ್ಲಿ ಜೀನ್ ಟೆಸ್ಟ್ ಮಾಡಿ ಕೆಲವರಿಗೆ ಮಾತ್ರೆ ಆಗ್ತದೆ, ಅದು ಡಾಕ್ಟ್ರೇ ನೋಡಿ ಹೇಳ್ಬೇಕು. ಹಾಗಲಕಾಯಿ ಜ್ಯೂಸ್ ಕುಡಿಸಿ ಇನ್ಸುಲಿನ್ ನಿಲ್ಲಿಸುವ ಅಂತ ಹೇಳುವವರು ನಿಮಗೂ ಸಿಗ್ತಾರೆ. ಕೈ ಮುಗಿದು ಕೇಳ್ತೇನೆ, ಒಂದು ದಿನವೂ ನಿಲ್ಲಿಸಬೇಡಿ. ನೂರು ವರ್ಷದ ಹಿಂದೆ ಈ ಕಾಯಿಲೆ ಬಂದ ಮಕ್ಕಳು ಒಂದೆರಡು ವರ್ಷ ಉಳಿದ್ರೆ ಅದೇ ಜಾಸ್ತಿ. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟದ್ದು, ಮೊದಲ ಇಂಜೆಕ್ಷನ್ ಶುದ್ಧ ಇರಲಿಲ್ಲ, ಅಲರ್ಜಿ ಆಯ್ತು, ಹನ್ನೆರಡು ದಿನ ಬಿಟ್ಟು ಶುದ್ಧ ಮಾಡಿ ಇನ್ನೊಮ್ಮೆ ಕೊಟ್ರು, ಅವ ಎದ್ದು ಕೂತ, ಮತ್ತೆ ಹದಿಮೂರು ವರ್ಷ ಬದುಕಿದ. ಕಂಡುಹಿಡಿದವರಲ್ಲಿ ಮುಖ್ಯ ಫ್ರೆಡರಿಕ್ ಬ್ಯಾಂಟಿಂಗ್, ಅವರು ಹುಟ್ಟಿದ್ದು 1891ರ ನವೆಂಬರ್ 14. ಅದಕ್ಕೇ ಇವತ್ತಿನ ದಿನವನ್ನು ವಿಶ್ವ ಮಧುಮೇಹ ದಿನ ಅಂತಲೂ ಮಾಡ್ತಾರೆ. ನಮ್ಮ ಮಕ್ಕಳ ದಿನಾಚರಣೆಯೂ ಇವತ್ತೇ ಬಂದದ್ದು ಕಾಕತಾಳೀಯ ಇರಬಹುದು, ನಾನು ಮಾತ್ರ ಆ ಹುಡುಗ ವಾಪಸ್ ಶಾಲೆಗೆ ಬಂದ ವರ್ಷದಿಂದ ಇವೆರಡನ್ನೂ ಬೇರೆ ಬೇರೆ ಅಂತ ನೋಡಿದ್ದೇ ಇಲ್ಲ.

ಅವ ಬಂದ. ಐದು ದಿನ ಐಸಿಯು, ಮತ್ತೆ ಒಂದು ವಾರ ವಾರ್ಡು, ಪೆನ್ ಹಾಗಿನ ಇನ್ಸುಲಿನ್ ಹಿಡ್ಕೊಂಡು ಬಂದ. ನನ್ನ ಮೇಜಿನ ಡ್ರಾಯರಿನಲ್ಲಿ ಸಕ್ಕರೆ ಡಬ್ಬಿ ಇಟ್ಟೆ. ಯಾಕಂದ್ರೆ ಇನ್ಸುಲಿನ್ ತಗೊಳ್ಳುವ ಮಗುವಿಗೆ ಶುಗರ್ ಇಳಿದು 70ಕ್ಕಿಂತ ಕೆಳಗೆ ಹೋಗುವ ಅಪಾಯ ಉಂಟು, ಕೈ ನಡುಗ್ತದೆ, ಬೆವರ್ತದೆ, ಸುಮ್ಮನೆ ಸಿಟ್ಟು ಮಾಡ್ತದೆ. ಆಗ ಎರಡು ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕೊಡ್ಬೇಕು, ಹದಿನೈದು ನಿಮಿಷ ಬಿಟ್ಟು ಪುನಃ ನೋಡ್ಬೇಕು, ಒಬ್ಬನನ್ನೇ ಎಲ್ಲಿಗೂ ಕಳಿಸ್ಬಾರ್ದು, ಪ್ರಜ್ಞೆ ಇಲ್ಲದಿದ್ರೆ ಬಾಯಿಗೆ ಎಂತದೂ ಹಾಕ್ಬಾರ್ದು. ಮತ್ತೆ ಒಂದಕ್ಕೆ ಅಂತ ಕೇಳಿದ ಯಾವ ಮಗುವಿಗೂ ನಾನು ಆಮೇಲೆ ಇಲ್ಲ ಅನ್ನಲಿಲ್ಲ. ಜಾಸ್ತಿ ಸಲ ಕೇಳಿದ್ರೆ ಡೈರಿಯಲ್ಲಿ ಬರ್ದು ಮನೆಗೆ ಕಳಿಸ್ತೇನೆ. ಅವ ಈಗ ಎಂಟನೇ ಕ್ಲಾಸು, ಕಬಡ್ಡಿ ಆಡ್ತಾನೆ, ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡ್ರೆ ಓಡಿ ಬರ್ತಾನೆ. ಆ ಶುಕ್ರವಾರದ ಬಗ್ಗೆ ನಾನು ಅವನ ಹತ್ರ ಸಾರಿ ಕೇಳಿದ್ದೇನೆ, ಅವನಿಗೆ ನೆನಪೇ ಇಲ್ವಂತೆ, ನನಗೆ ಉಂಟು.

ಮಾತು ಮುಗಿದು ಪ್ರಶ್ನೆ ಕೇಳುವಾಗ ಒಬ್ಬರು ಅಪ್ಪ ಕೇಳಿದ್ರು, ಕರೆಂಟ್ ಹೋದ್ರೆ, ಫ್ರಿಡ್ಜ್ ಇಲ್ಲದ ಅಜ್ಜಿಮನೆಗೆ ಹೋದ್ರೆ ಇನ್ಸುಲಿನ್ ಎಂತ ಮಾಡುದು ಅಂತ. ಮಣ್ಣಿನ ಮಡಕೆ, ಒಳಗೆ ಮರಳು, ಮರಳಿಗೆ ನೀರು, ನಡುವೆ ಸಣ್ಣ ಮುಚ್ಚಿದ ಡಬ್ಬಿ, ಅದನ್ನು ಗಾಳಿ ಆಡುವ ನೆರಳಲ್ಲಿ ಇಡ್ಬೇಕು. ಆ ಹುಡುಗನ ಅಜ್ಜಿ ಹಾಗೇ ಮಾಡುದು. ಫ್ರಿಡ್ಜ್ ಇದ್ರೆ ಬಾಗಿಲಲ್ಲಿ ಇಡಿ, ಫ್ರೀಜರಿನಲ್ಲಿ ಬೇಡ, ಗಟ್ಟಿ ಆದ್ರೆ ಅದು ಹಾಳು.

ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬರು ಅಜ್ಜಿ ಎದ್ದು ಬಂದ್ರು. ಟೀಚರೇ, ಕಾಪುವಿನಲ್ಲಿ ನನ್ನ ಮಗಳ ಮಗ ನಾಲ್ಕು ವರ್ಷ, ರಾತ್ರಿ ಎರಡು ಸಲ ಎದ್ದು ನೀರು ಕೇಳ್ತಾನಂತೆ, ನೀವು ಹೇಳಿದ ಮೇಲೆ ನನಗೆ ಕೂತಲ್ಲಿ ಕೂರ್ಲಿಕ್ಕೆ ಆಗ್ತಿಲ್ಲ ಅಂದ್ರು. ಮನೆಯಲ್ಲಿ ಮೆಷಿನ್ ಉಂಟಾ ಕೇಳಿದೆ. ಅಳಿಯನ ಅಪ್ಪನದ್ದು ಉಂಟು ಅಂದ್ರು. ಜಗಲಿಯಲ್ಲಿ ನಿಂತು ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿದ್ರು. ನಾನು ಪಕ್ಕದಲ್ಲೇ ನಿಂತಿದ್ದೆ, ಆಚೆ ಕಡೆ ಮಗು ಅಳುದು, ಮಗಳು ಸಮಾಧಾನ ಮಾಡುದು ಎಲ್ಲ ಕೇಳ್ತಿತ್ತು. ಸಂಖ್ಯೆ ಬಂತು, 187. ಅಜ್ಜಿಯ ಕೈ ತಣ್ಣಗಾಯ್ತು. ಮಗುವಿನ ಕೈ ತೊಳೆದಿದ್ರಾ ಕೇಳಿ ಅಂದೆ. ತೊಳೆದಿರಲಿಲ್ಲ, ಬಾಳೆಹಣ್ಣು ತಿಂತಾ ಕೂತಿದ್ನಂತೆ. ಸೋಪು ಹಾಕಿ ತೊಳೆದು ಒರೆಸಿ ಬೇರೆ ಬೆರಳಿಗೆ ಚುಚ್ಚಿದ್ರು. 96. ಆದ್ರೂ ನಾಳೆ ಡಾಕ್ಟ್ರಿಗೆ ಒಮ್ಮೆ ತೋರಿಸಿ ಬಿಡಿ ಅಂತ ಹೇಳಿದೆ. ಆಯ್ತು ಟೀಚರೇ ಅಂತ ಅಜ್ಜಿ ಅಲ್ಲೇ ಮೆಟ್ಟಿಲಿನಲ್ಲಿ ಕೂತ್ರು, ಅಡುಗೆ ಅಕ್ಕ ಅವರಿಗೆ ಒಂದು ಲೋಟ ಚಾ ತಂದು ಕೊಟ್ರು.